ದೊರೆಗೆ ಕೊಡದ ಚೆಂಡು

ಶನಿವಾರ, ಮಧ್ಯಾಹ್ನ

ನನ್ನ ಮುದ್ದು ತಂಗಿಗೆ,

ನಾವಿಲ್ಲಿ ಕ್ಷೇಮ ಎಂದು ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ; ನಂಬುವುದು ನಿನಗೆ ಬಿಟ್ಟದ್ದು. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಫೋನು ಎತ್ತದ್ದಕ್ಕೂ ಬಯ್ದುಕೊಂಡಿರುತ್ತೀಯ. ಗಡಿಯಾಚೆ ಹೋಗುವ ಕರೆಗಳನ್ನೆಲ್ಲ ಈಗ ಯಾರೋ ಕೂತು ಕೇಳಿಸಿಕೊಳ್ಳುತ್ತಾರೆ ಎಂದು ನಮ್ಮ ತಪಾಸಣೆ ಗೇಟಿನಲ್ಲಿ ಮಾತು. ಯಾರು, ನಮ್ಮವರೋ ನಿಮ್ಮವರೋ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಅದಕ್ಕೇ ಬಟ್ಟೆ ತರಲು ನಿಮ್ಮ ಕಡೆ ಬರುವ ಟೈಲರಮ್ಮನ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಅವಳು ದಾರಿಯಲ್ಲಿ ಬಿಚ್ಚಿ ಓದಿದರೂ ಚಿಂತೆಯಿಲ್ಲ. ಬರೆಯುವ ನನಗೇ ಇದರ ತಲೆಬುಡ ತಿಳಿಯುತ್ತಿಲ್ಲ.

ಅಮ್ಮ ಗಟ್ಟಿಯಾಗಿದ್ದಾಳೆ. "ಅಳಿಯಂದ್ರ ಲಾರಿ ಪಕ್ಕ ನಾಯಿ ಕೂತ್ಕೊಳ್ತಂತೆ, ನೀನು ಕೈಕಟ್ಕೊಂಡು ನೋಡ್ತಾ ನಿಂತಿದ್ಯಂತೆ, ನಿನಗೇನು ಬಂತೇ ದೊಡ್ಡರೋಗ?" ಎಂದು ನನ್ನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಬಯ್ಯಲು ಬೇರೆ ಯಾರೂ ಸಿಗದೆ ತಾನಾಗಿಯೇ ಮಾತಾಡಿಸಿದಳು.

ನಿಮ್ಮ ಯಜಮಾನರು ಅವತ್ತಿನ ಕಥೆಯನ್ನು ತಮ್ಮ ಕಡೆಯಿಂದ ಹೇಳಿರುತ್ತಾರೆ. ನನ್ನದನ್ನೂ ಕೇಳು.

ಮೊದಲು ಒಂದು ಲಾರಿಯನ್ನು ಆ ಕಡೆ ನಿಮ್ಮವರು ತಡಕುತ್ತಿದ್ದರು, ಈ ಕಡೆ ನಾವು ಮತ್ತೆ ತಡಕುತ್ತಿದ್ದೆವು. ಈಗ ಎರಡು ಸರ್ಕಾರಗಳೂ ಕೈಕುಲುಕಿ, ವ್ಯಾಪಾರ ಸಲೀಸಾಗಲಿ ಅಂತ ಗಡಿಗೆರೆಯ ಮೇಲೆಯೇ ಒಂದು ಶೆಡ್ಡು ಕಟ್ಟಿದ್ದಾರೆ. ಒಂದೇ ತಪಾಸಣೆ, ಒಂದೇ ಮೊಹರು. ಲಾರಿಯೊಳಗೆ ಇಣುಕಿ ನೋಡುವ ಯಂತ್ರ ನಿಮ್ಮವರದು, ಮೂಸುವ ನಾಯಿ ನಮ್ಮದು. ಗೇಟೂ ಒಂದೇ, ಆದರೆ ಅದಕ್ಕೆ ಬೀಗ ಎರಡು! ನಮ್ಮ ಬೀಗದ ಕೈ ನಮ್ಮ ಸಾಹೇಬರ ಜೇಬಲ್ಲಿ, ನಿಮ್ಮವರದು ನಿಮ್ಮ ಮೀಸೆ ಸಾಹೇಬರ ಜೇಬಲ್ಲಿ. ಒಬ್ಬರು ಊಟಕ್ಕೆ ಹೋದರೆ ಎರಡೂ ದೇಶಗಳ ಲಾರಿಗಳು ನಿಲ್ಲುತ್ತವೆ. ನಮ್ಮವರು, "ಅವರ ಯಂತ್ರಕ್ಕೆ ಅವರ ಲಾರಿ ಬಂದ್ರೆ ಕಣ್ಣು ಕುರುಡು" ಎನ್ನುತ್ತಾರೆ. ನಿಮ್ಮವರು, "ಇವರ ನಾಯಿ ನಮ್ಮ ಲಾರಿಗಳ ಮುಂದೇನೇ ಕೂರುತ್ತೆ" ಎನ್ನುತ್ತಾರೆ. ಆ ನಾಯಿಯನ್ನು ಹಿಡಿದು ನಡುವೆ ನಿಂತವಳು ನಾನು. ಅತ್ತ ದರಿ, ಇತ್ತ ಪುಲಿ.

ದೊರೆಯ ವಿಷಯ ನಿನಗೆ ನಾನು ಹೇಳಬೇಕೇ? ಮರಿಯಾಗಿದ್ದಾಗ ಇಲಾಖೆಯವರು ಮನೆಯಲ್ಲಿ ಸಾಕಿ ಅಂತ ಕೊಟ್ಟಾಗ ಸಾಕಿದವಳು ನೀನು, ಹೆಸರಿಟ್ಟವಳೂ ನೀನೇ. ನಿನ್ನ ನೀಲಿ ಸ್ವೆಟರಿನ ಮೇಲಲ್ಲದೆ ಮಲಗುತ್ತಿರಲಿಲ್ಲ, ಕೊಬ್ಬು. ಕೆಲಸದ ಬೆಲ್ಟ್ ಹಾಕಿದೆನೋ, ಅವನು ಬೇರೆಯೇ ಪ್ರಾಣಿ. ಆಗ ನಾನೂ ಲೆಕ್ಕಕ್ಕಿಲ್ಲ, ಅಮ್ಮ ರೊಟ್ಟಿ ಹಿಡಿದು ಕರೆದರೂ ತಿರುಗುವುದಿಲ್ಲ. ಮಾದಕ ವಸ್ತುವಿನ ವಾಸನೆ ಸಿಕ್ಕರೆ ಬೊಗಳುವುದಿಲ್ಲ, ಕೆರೆಯುವುದಿಲ್ಲ, ಸುಮ್ಮನೆ ಕೂತುಬಿಡುತ್ತಾನೆ. ಕೂತ ಕೂಡಲೇ ನಾನು ಜೇಬಿನಿಂದ ಬಟ್ಟೆ ಚೆಂಡು ತೆಗೆದು ಕೊಡಬೇಕು. ಅವನ ಸಂಬಳ ಅದೇ. ಚೆಂಡು ಕೊಟ್ಟರೆ, ನೀನು ಹೇಳಿದ್ದು ನಿಜ ಕಣೋ ಎಂದ ಹಾಗೆ. ಕೊಡದಿದ್ದರೆ, ನೀನು ಸುಳ್ಳ ಎಂದ ಹಾಗೆ.

ಅವತ್ತು ನಿಮ್ಮ ಯಜಮಾನರು ಟೊಮೆಟೊ ಲೋಡು ತಂದಿದ್ದರು. ಯಂತ್ರ ಏನೂ ಇಲ್ಲ ಎಂದಿತ್ತು. ದೊರೆ ಹಿಂದಿನಿಂದ ಮೂಸುತ್ತಾ ಬಂದ, ಚಾಲಕನ ಬಾಗಿಲ ಹತ್ತಿರ ನಿಂತ, ಮೂಗೆತ್ತಿದ, ಕೂತ.

ನನ್ನ ಕೈ ಜೇಬಿಗೆ ಹೋಗಲಿಲ್ಲ ಕಣೇ.

ನಿಮ್ಮ ಯಜಮಾನರು ಮೊದಲು ನಕ್ಕರು. "ಅತ್ತಿಗೆ, ನಿಮ್ಮ ದೊರೆಗೆ ನನ್ನ ಮೇಲೆ ಏನು ಸಿಟ್ಟು?" ಎಂದರು. ಆಮೇಲೆ ಕತ್ತು ಒರೆಸಿಕೊಂಡರು. ನಮ್ಮ ಸಾಹೇಬರು ನನ್ನ ಕಿವಿಯ ಹತ್ತಿರ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ" ಎಂದರು. ಆ ಬಿಸಿಲಲ್ಲಿ ಯಾರು ತಾನೇ ಬೆವರುತ್ತಿರಲಿಲ್ಲ? ನಾನೂ ಬೆವರುತ್ತಿದ್ದೆ.

ಟೊಮೆಟೊ ಪೆಟ್ಟಿಗೆಗಳನ್ನೆಲ್ಲ ಇಳಿಸಿದರು. ಬಿಸಿಲಿಗೆ ಅರ್ಧಕ್ಕರ್ಧ ಹಾಳಾದವು. ಏನೂ ಸಿಗಲಿಲ್ಲ. ಕೊನೆಗೆ ಕ್ಯಾಬಿನ್ನಿಗೆ ಬಂದರು. ಸೀಟಿನ ಮೇಲೆ ನೀನು ಹೆಣೆದ ಹಸಿರು ಶಾಲು ಇತ್ತು. ನನಗೆ ಹೋದ ಜೀವ ಬಂದ ಹಾಗಾಯಿತು. "ಸಾರ್, ಇದು ನನ್ನ ತಂಗಿ ಶಾಲು. ಅವಳೇ ಇವನನ್ನ ಸಾಕಿದ್ದು. ಅವಳ ವಾಸನೆಗೆ ಕೂತಿದ್ದಾನೆ ಅಷ್ಟೇ" ಎಂದೆ. ಮೀಸೆ ಸಾಹೇಬರು, "ನೋಡಿದ್ರಾ, ನಾಯಿಗೆ ನೆಂಟರ ನೆನಪು! ಇದಕ್ಕೆ ನಮ್ಮ ಮಾಲು ಕೊಳೀಬೇಕಾ?" ಎಂದು ಕೂಗಾಡಿದರು. ಶಾಲು ಕೊಡವಿದರು, ಸೀಟು ತಟ್ಟಿ ನೋಡಿದರು, ಬಾಗಿಲು ಹಾಕಿದರು. ಸೀಟು ಬಿಚ್ಚಬೇಕು ಅಂತ ಎದ್ದ ಮಾತು ನನ್ನ ಮಾತು ಕೇಳಿ ನಿಂತಿತು. ಲಾರಿ ಹೋಯಿತು. ದೊರೆ ಮಾತ್ರ ಕೂತೇ ಇದ್ದ, ನನ್ನ ಮುಖ ನೋಡುತ್ತಾ. ಎಳೆದೇ ಎಬ್ಬಿಸಬೇಕಾಯಿತು.

ಮೀಸೆ ಸಾಹೇಬರು ಕೂಗಾಡಿದರೂ ಕಣ್ಣು ಚುರುಕು. ಹೋಗುವಾಗ, "ಚೆಂಡು ಯಾಕಮ್ಮಾ ಕೊಡಲಿಲ್ಲ?" ಎಂದು ಕೇಳಿದರು. ಮರೆತೆ ಎಂದೆ.

ಅಂದಿನಿಂದ ಅವನು ಕೆಲಸದಲ್ಲಿ ಅನುಮಾನಿಸುತ್ತಾನೆ. ಅರ್ಧ ಕೂರುತ್ತಾನೆ, ನನ್ನ ಮುಖ ನೋಡುತ್ತಾನೆ, ಏಳುತ್ತಾನೆ. ಅವನನ್ನು ನೋಡಿ ನಾನೂ ಹಾಗೇ ಆಗಿದ್ದೇನೆ. ಬಟ್ಟಲು ಹಿಡಿದು ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ನಿಲ್ಲುತ್ತೇನೆ.

ಸೋಮವಾರ ಎರಡೂ ಕಡೆಯ ಅಧಿಕಾರಿಗಳು ಕೂರುತ್ತಾರೆ. ನಾಯಿ ತಪ್ಪಿತೋ ಇಲ್ಲವೋ ಎಂದು ನಾನು ಬಾಯಿಬಿಟ್ಟು ಹೇಳಬೇಕಂತೆ. ತಪ್ಪಲಿಲ್ಲ ಎಂದರೆ ನಿಮ್ಮ ಯಜಮಾನರ ಲಾರಿಗೆ ಈ ಗೇಟು ಮುಚ್ಚಿದಂತೆ, ನಿಮ್ಮ ಅನ್ನಕ್ಕೆ ಕಲ್ಲು. ತಪ್ಪಿತು ಎಂದರೆ ದೊರೆಯ ಬೆಲ್ಟ್ ಬಿಚ್ಚುತ್ತಾರೆ, ಆಮೇಲೆ ಯಂತ್ರವೊಂದೇ. ಅಮ್ಮನನ್ನು ಕೇಳಿದೆ. "ನಾಯಿಗೆ ವಯಸ್ಸಾಯ್ತು ಅಂದುಬಿಡೇ. ನನಗೂ ವಾಸನೆ ತಿಳಿಯಲ್ಲ, ನಾನೇನು ಸತ್ತೋದ್ನಾ?" ಎಂದಳು. ಅಮ್ಮನಿಗೆ ಎಲ್ಲವೂ ಸುಲಭ.

ಹಾಗೆಯೇ ಹೇಳೋಣ ಎಂದಿದ್ದೇನೆ. ಅವನು ಮೂಸಿದ್ದು ನಿನ್ನನ್ನು, ಕೂತದ್ದು ನಿನಗಾಗಿ. ಇದರಲ್ಲಿ ತಪ್ಪೇನಿದೆ? ಬೆಲ್ಟ್ ಬಿಚ್ಚಿದ ಮೇಲೆ ಅವನನ್ನು ನಿನ್ನ ಮನೆಗೇ ಕಳಿಸುತ್ತೇನೆ. ನಿನ್ನ ಕಾಲ ಬುಡದಲ್ಲಿ ಮಲಗಿಕೊಂಡಿರಲಿ. ನಿಮ್ಮ ಯಜಮಾನರಿಗೂ ಅವನಿಗೂ ರಾಜಿ ಮಾಡಿಸುವ ಕೆಲಸ ನಿನ್ನದು.

ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆನೋವು ಬಂದಾಗ ಮಾತ್ರೆ ನುಂಗಿ ಸುಮ್ಮನಾಗಬೇಡ. ಅಮ್ಮನ ಆಶೀರ್ವಾದ ನಿಮ್ಮಿಬ್ಬರಿಗೂ. ನನ್ನದು ಎಲ್ಲಕ್ಕಿಂತ ಹೆಚ್ಚಾಗಿ ನಿನಗೆ. ನಿನ್ನ ಮನೆ ತಣ್ಣಗಿರಲಿ.

ನಿನ್ನ,
ಅಕ್ಕ

ಮರೆತ ಮಾತು: ಟೈಲರಮ್ಮ ಇನ್ನೂ ಬಂದಿಲ್ಲ, ಲಕೋಟೆ ಅಂಟಿಸಿರಲಿಲ್ಲ. ಮರೆತ ಮಾತು ಎಂದೆ, ಸುಳ್ಳು. ಬರೆಯಬಾರದು ಎಂದುಕೊಂಡಿದ್ದ ಮಾತು. ನಿನ್ನೆ ಟ್ರಂಕಿನಿಂದ ನಿನ್ನ ಆ ನೀಲಿ ಸ್ವೆಟರ್ ತೆಗೆದೆ. ಸೋಮವಾರ ಧೈರ್ಯವಾಗಿ ಹೇಳೋಣ ಅಂತ, ಇನ್ನೇನಕ್ಕೂ ಅಲ್ಲ. ದೊರೆಗೆ ಬೆಲ್ಟ್ ಹಾಕಿ, ಗೋಡೆಯ ಪಕ್ಕ ಸಾಲಾಗಿ ಇಟ್ಟ ಚೀಲಗಳ ನಡುವೆ ಅದನ್ನೂ ಇಟ್ಟು ಮೂಸಲು ಬಿಟ್ಟೆ. ಅದರ ಹತ್ತಿರ ನಿಂತ, ಬಾಲ ಅಲ್ಲಾಡಿಸಿದ. ಗುರುತು ಸಿಕ್ಕಿತು ಕಣೇ ಅವನಿಗೆ, ಇಷ್ಟು ವರ್ಷವಾದರೂ. ಆದರೆ ಕೂರಲಿಲ್ಲ, ಮುಂದೆ ಹೋದ. ಮತ್ತೆ ಬಿಟ್ಟೆ. ಮತ್ತೆ ಬಾಲ, ಮತ್ತೆ ಮುಂದೆ.

ನಿಮ್ಮ ಯಜಮಾನರಿಗೇ ಗೊತ್ತಿಲ್ಲದೆ ಯಾರೋ ಸೀಟಿನೊಳಗೆ ಏನಾದರೂ ಇಟ್ಟಿರಬಹುದು. ದೊರೆಗೆ ನಿಜಕ್ಕೂ ವಯಸ್ಸಾಗಿರಬಹುದು. ನನಗೆ ಏನೂ ಗೊತ್ತಾಗುತ್ತಿಲ್ಲ. ಅವರನ್ನು ಕೇಳು. ಬೇಡ, ಕೇಳಬೇಡ. ನೀನೇ ಹೇಳು, ನಿನಗೇನಾದರೂ ಗೊತ್ತಾ? ನಿನ್ನನ್ನೂ ಹೀಗೆ ಕೇಳುವ ಹಾಗಾದೆನಲ್ಲ ನಾನು!

ದೊರೆಯನ್ನು ಕಳಿಸುತ್ತೇನೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಅವನು ನಿನ್ನ ಮನೆಗೆ ಬಂದು, ಬೆಲ್ಟ್ ಇಲ್ಲದಿದ್ದರೂ ಕೋಣೆ ಕೋಣೆ ಮೂಸಿ, ಎಲ್ಲಾದರೂ ಒಂದು ಕಡೆ ಕೂತುಬಿಟ್ಟರೆ? ಆಗ ನಿನ್ನ ಪಕ್ಕದಲ್ಲಿ ನಾನಿರುವುದಿಲ್ಲ.