ಬಾವಿಗೆ ಸುಣ್ಣ ಸುರಿಸಿದ ತಮ್ಮನಿಗೆ

ತಮ್ಮಾ ಧರ್ಮರಾಜ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಯ ಬಾವಿ ಮತ್ತೆ ಕೆಂಪಾಗಿದೆ. ಮೊನ್ನೆಯ ಮಳೆಗೆ ನಿಮ್ಮ ಖಣಿಯವರು ಅಗೆದು ಬಯಲಲ್ಲಿ ಸುರಿದ ಕರಿಕಲ್ಲಿನ ಗುಡ್ಡೆಯಿಂದ ಇಳಿದ ನೀರು ಹಳ್ಳಕ್ಕೆ ಸೇರಿ, ಅಲ್ಲಿಂದ ಬಾವಿಗೆ ಜಿನುಗಿದೆ. ಬಾಗೇವಾಡಿಯ ನನ್ನ ಶಾಲೆಯಿಂದ ಲಿಟ್ಮಸ್ ಕಾಗದ ತಂದು ಅದ್ದಿದೆ. ನೀಲಿ ಕಾಗದ ಕೆಂಪಾಯಿತು. ಅದು ಆಮ್ಲವೆಂದು ನನ್ನ ವಿದ್ಯಾರ್ಥಿಗಳಿಗೂ ಗೊತ್ತು. ಖಣಿಯ ಎಂಜಿನಿಯರ್ ಆದ ನಿನಗೆ ಗೊತ್ತಿಲ್ಲವೇ?

ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ಕಟ್ಟೆಯ ಮೇಲೆ ಕೂತು ನೀನೇ ಹೇಳಿದ್ದೆ: "ಅಕ್ಕಾ, ಆ ಕಲ್ಲಿನ್ಯಾಗ ಗಂಧಕ ಐತಿ. ಗಾಳಿ, ನೀರು ತಾಕಿದ್ರ ಹುಳಿ ಬಿಡ್ತೈತಿ. ಮ್ಯಾಲ ಜಿಗುಟು ಮಣ್ಣು ಹೊಚ್ಚಿ, ಮಳಿ ನೀರಿಗೆ ಬ್ಯಾರೆ ಕಾಲುವಿ ಹೊಡದ್ರ ಮುಗೀತು." ಮುಗೀತಂತೆ! ಮಣ್ಣೂ ಬರಲಿಲ್ಲ, ಕಾಲುವೆಯೂ ಆಗಲಿಲ್ಲ. ನಿನ್ನ ಸಾಹೇಬರಿಗೆ ಅದು ದಂಡದ ಖರ್ಚು ಎನಿಸಿತು, ನೀನು ಬಾಯಿಗೆ ಬೀಗ ಹಾಕಿಕೊಂಡೆ.

ಬಾವಿ ಮೊದಲ ಸಲ ಕೆಂಪಾದಾಗ ಬದಲಿಗೆ ಬಂದದ್ದು ಸುಣ್ಣದ ಚೀಲ. ನೀನೇ ಮುಂದೆ ನಿಂತು ಬಾವಿಗೆ ಸುರಿಸಿ, ಇನ್ನು ನೀರು ಚಲೋ ಎಂದು ಎಲ್ಲರೆದುರು ಹೇಳಿದೆ. ನಾವೋ, ಯುಗಾದಿಗೆ ಮುಂಚೆ ಹೂಳು ತೆಗೆದು ಸುಣ್ಣ ಹಾಕಿದರೆ ವರ್ಷದ ಚಿಂತೆ ಕಳೆಯಿತೆಂದು ನಂಬಿಕೊಂಡು ಬಂದ ಜನ. ಓಣಿಗೆ ಓಣಿಯೇ ನಿನಗೆ ಕೈ ಮುಗಿಯಿತು. "ನಮ್ಮ ಧರ್ಮಾ ನೀರು ಶುದ್ಧ ಮಾಡಿಸ್ಯಾನ" ಎಂದು ಅಂಗಡಿಯ ನಬಿಲಾಲ ಕಾಕಾ ಪೇಢೆ ಹಂಚಿದ. ಸುಣ್ಣ ನಾಲ್ಕು ದಿನ ಹುಳಿ ಮುರಿಯುತ್ತದೆ, ಗುಡ್ಡೆ ಬಯಲಲ್ಲಿ ಬಿದ್ದಿರುವ ತನಕ ಹುಳಿ ಇಳಿಯುತ್ತಲೇ ಇರುತ್ತದೆ ಎಂದು ಹೇಳಲು ನಿನ್ನ ನಾಲಿಗೆಗೆ ಏನಾಗಿತ್ತೋ ಖೋಡಿ? ಊರ ಬಾವಿಗೆ ನಮ್ಮನ್ನು ಬಿಡದ ಕಾಲದಲ್ಲಿ ಅಪ್ಪ ಓಣಿಯವರನ್ನು ಕಟ್ಟಿಕೊಂಡು ತೋಡಿದ ಬಾವಿಯದು.

ಈಗ ಕೇಳು. ಓಣಿಯವರೆಲ್ಲ ಮುದ್ದೇಬಿಹಾಳದಿಂದ ಬರುವ ಟ್ಯಾಂಕರಿನ ನೀರು ಹಿಡಿಯುತ್ತಿದ್ದಾರೆ. ಅವ್ವ ಒಬ್ಬಳು ಬಾವಿ ಬಿಡುತ್ತಿಲ್ಲ. ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ, ಎದ್ದು ಅದೇ ನೀರು ಕುಡಿಯುತ್ತಾಳೆ. ಕೊಡ ಕಸಿದುಕೊಂಡರೆ ನನ್ನ ಮೇಲೆಯೇ ಹರಿಹಾಯುತ್ತಾಳೆ: "ನಿನಗೇನು ತಿಳಿತೈತಿ? ನೀರು ಚಲೋ ಐತಿ ಅಂತ ನನ್ನ ಮಗ ಹೇಳ್ಯಾನ. ಮಂದಿ ಮುಂದ ಹಡೆದಾಕಿನೇ ಕುಡೀಲಿಲ್ಲಂದ್ರ ಅವನ ಮಾತಿಗೆ ಏನು ಕಿಮ್ಮತ್ತು ಉಳಿತೈತಿ?"

ಫೋನ್ ಅಂತೂ ನೀನು ಎತ್ತುವುದಿಲ್ಲ. ಸಾಹೇಬರ ಮುಂದೆ ಬಾಯಿ ತೆರೆಯುವುದು ಆಮೇಲಿನ ಮಾತು. ಮೊದಲು ಬಂದು ಅವ್ವನ ಎದುರು ನಿಂತು ಹೇಳು, "ನಾನು ಸುಳ್ಳು ಹೇಳಿದ್ದೆ" ಎಂದು. ನನ್ನ ಮಾತು ಅವಳು ನಂಬುವುದಿಲ್ಲ. ನಿನ್ನದನ್ನು ಈಗಲೂ ನಂಬುತ್ತಾಳೆ.

ತಣ್ಣಗಿರು ಎಂದು ಬರೆಯಲು ಕೈ ಬರುತ್ತಿಲ್ಲ. ಆದರೂ ಅಕ್ಕ ನಾನು. ತಣ್ಣಗಿರು, ಅವ್ವ ಮುಂದಿನ ಕೊಡ ಸೇದುವುದರೊಳಗೆ ಬಾ.

ನಿನ್ನ ಅಕ್ಕ,
ಯಶೋಧಾ