ನಿಮ್ಮ ನಾಲಿಗೆಗಾಗಿ ಹನ್ನೊಂದು ವರ್ಷ

ಆಲ್ದೂರು
ಭಾನುವಾರ, ೧೧ ಜನವರಿ ೨೦೨೬

ಪ್ರಿಯ ಚಂದ್ರು,

ಈ ಒಂದು ಸಂಗತಿಯನ್ನು ಬರೆಯದೆಯೇ ಬಿಡಬೇಕೆಂದಿದ್ದೆ. ಅಕ್ಕನ ಮಂಡಿ ವಾಸಿಯಾಗುತ್ತಿದೆ, ಈ ವರ್ಷ ಚಳಿ ಜೋರು, ರೊಬಸ್ಟಾ ಕಾಫಿ ಕೊಯ್ಲು ಶುರುವಾಗಿದೆ ಎಂದು ಎರಡು ಪುಟ ತುಂಬಿಸಿ ಮುಗಿಸುವುದು ಸುಲಭವಿತ್ತು. ಆ ಎರಡು ಪುಟ ಬರೆದೂ ಆಗಿತ್ತು. ಹರಿದುಹಾಕಿದೆ. ಸಂಗತಿ ಇಷ್ಟು: ಅಕ್ಟೋಬರ್ ಒಂಬತ್ತು, ಗುರುವಾರ, ಮಧ್ಯಾಹ್ನ ಒಂದೂವರೆಗೆ, ಹ್ಯಾಂಬರ್ಗಿನ ಸ್ಟೇಷನ್ನಿನ ಹಿಂದೆ ಇರುವ ಮಲಯಾಳಿ ಹೋಟೆಲಿನಲ್ಲಿ ನೀವು ಮೀನು ಸಾರಿನಲ್ಲಿ ಅನ್ನ ಉಣ್ಣುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ.

ಕನ್ನಡಕ ರಿಪೇರಿಗೆ ಕೊಟ್ಟು ವಾಪಸ್ಸು ಬರುತ್ತಿದ್ದೆ. ನೀವು ಒಬ್ಬರೇ ಕೂತಿದ್ದಿರಿ. ಎದುರಿಗೆ ಒಬ್ಬ ಹೆಂಗಸು ಇದ್ದಿದ್ದರೆ ನನಗೆ ಇದಕ್ಕಿಂತ ಬೇಗ ಅರ್ಥವಾಗುತ್ತಿತ್ತೇನೋ. ಅಂಗಿಯ ತೋಳು ಮಡಚಿ, ಕೈಯಲ್ಲೇ ಕಲೆಸಿ, ಹಸಿ ಈರುಳ್ಳಿ ಕಚ್ಚಿಕೊಂಡು ಉಣ್ಣುತ್ತಿದ್ದಿರಿ. ಹೋಟೆಲಿನವನು ನೀವು ಕೇಳದೆಯೇ ಇನ್ನೊಂದು ಸೌಟು ಸಾರು ತಂದು ಬಡಿಸಿದ. ನೀವು ಅವನ ಬೆನ್ನು ತಟ್ಟಿದಿರಿ. ಮೊದಲ ಸಲ ಬಂದವರಿಗೆ ಯಾರೂ ಹಾಗೆ ಬಡಿಸುವುದಿಲ್ಲ.

ಆ ಸಂಜೆ ಮನೆಗೆ ಬಂದು, ನಾನು ಮಾಡಿದ ತರಕಾರಿ ಸೂಪಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, "ಬೆಳ್ಳುಳ್ಳಿ ಹಾಕಿದೀಯಾ ಶಾಲಿನಿ? ನಾಳೆ ಟೇಸ್ಟಿಂಗ್ ಇದೆ ಅಂತ ಹೇಳಿರ್ಲಿಲ್ವಾ?" ಎಂದಿರಿ. ನಾನು ಹಾಕಿರಲಿಲ್ಲ. ಆದರೂ ತಪ್ಪಾಯಿತು ಅಂದೆ. ನನ್ನ ಮೇಲೆ ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಆ ಒಂದು ಮಾತಿಗೆ.

ಕಾಫಿ ರುಚಿ ನೋಡುವುದು ನಿಮ್ಮ ಕೆಲಸ. ಚಮಚದಲ್ಲಿ ಎಳೆದು, ನಾಲಿಗೆಯ ಮೇಲೆ ಹರಡಿ, ಉಗುಳಿ, ಕಾಫಿಬೀಜದ ಯಾವ ಲಾಟು ಕೊಳ್ಳಬಹುದು ಯಾವುದು ಬೇಡ ಎಂದು ಹೇಳುತ್ತೀರಿ. ನಿಮ್ಮ ನಾಲಿಗೆಯಿಂದಲೇ ನಮ್ಮಿಬ್ಬರ ಹೊಟ್ಟೆ ತುಂಬುವುದು, ಅದನ್ನು ಕಾಪಾಡಬೇಕು ಅಂದಿರಿ. ನನಗೂ ಸರಿ ಅನ್ನಿಸಿತು. ಮೊದಲು ಒಣಮೀನು ಹೋಯಿತು, ಆಮೇಲೆ ಸೀಗಡಿ, ಬೆಳ್ಳುಳ್ಳಿ, ಹಸಿಮೆಣಸು. ಮೂರನೆಯ ವರ್ಷಕ್ಕೆ ಒಗ್ಗರಣೆಯೂ ನಿಂತಿತು. ಒಲೆ ಹಚ್ಚುವ ಮುಂಚೆ ನಿಮ್ಮ ಕೋಟುಗಳನ್ನು ಮಲಗುವ ಕೋಣೆಯ ಬೀರುವಿನಲ್ಲಿಟ್ಟು ಬಾಗಿಲು ಹಾಕುವುದು ನನ್ನ ದಿನಚರಿಯಾಯಿತು. ಒಂದು ದಿನವಾದರೂ ಹೊರಗೆ ಊಟ ಮಾಡೋಣ ಎಂದರೆ, "ಮನೆ ಊಟದ ಥರ ಆಗುತ್ತಾ?" ಎನ್ನುತ್ತಿದ್ದಿರಿ. ಯಾವ ಮನೆಯ ಊಟ, ಚಂದ್ರು? ಬೇಯಿಸಿದ ಕ್ಯಾರೆಟ್ಟು, ಉಪ್ಪು ಮಾತ್ರ ಹಾಕಿದ ತೊವ್ವೆ, ಬ್ರೆಡ್ಡು. ಬಾಳೂರಿನಿಂದ ಅತ್ತೆ ಫೋನು ಮಾಡಿದಾಗ ಮಾತ್ರ ಅಕ್ಕಿರೊಟ್ಟಿ, ಎಣ್ಣೆಗಾಯಿ ಎಂದು ನನ್ನ ಕೈಲಿ ಸುಳ್ಳು ಹೇಳಿಸುತ್ತಿದ್ದಿರಿ.

ನವೆಂಬರಿನಲ್ಲಿ ಇಲ್ಲಿಗೆ ಬಂದ ಮರುದಿನವೇ ಅಕ್ಕನ ಬದಲಿಗೆ ಅವಳ ಮೆಸ್ಸಿನ ಅಡಿಗೆಮನೆಗೆ ಇಳಿದೆ. ಅಕ್ಕ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಅಪ್ಪಣೆ ಮಾಡುತ್ತಿದ್ದಳು. ಒಣಮೀನು ಹುರಿಯಲು ಬಾಣಲೆ ಇಟ್ಟೆ, ನೋಡುತ್ತೇನೆ, ಊಟಕ್ಕೆ ಬಂದವರ ಕೋಟು ಸ್ವೆಟರುಗಳೆಲ್ಲ ಗೋಡೆಯ ಗೂಟಗಳಲ್ಲಿ ನೇತಾಡುತ್ತಿವೆ. ಯೋಚನೆಯನ್ನೇ ಮಾಡದೆ ಎಲ್ಲವನ್ನೂ ಬಾಚಿಕೊಂಡು ಹಿಂದಿನ ಕೋಣೆಗೆ ಓಡಿದೆ. ಜೀಪು ಓಡಿಸುವ ಶಿವಯ್ಯ ಕೈಯಲ್ಲಿ ತುತ್ತು ಹಿಡಿದೇ ಕೂಗಿದ: "ಅಮ್ಮಾ, ಊಟ ಮಾಡಿ ಓಡಿಹೋಗೋನಲ್ಲ ನಾನು, ಸ್ವೆಟರು ಯಾಕೆ ಜಪ್ತಿ ಮಾಡ್ತೀರಿ!" ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. "ಅಲ್ಲಿ ನಿನ್ನನ್ನ ಏನು ಮಾಡಿಟ್ಟಿದಾನೆ ಅವನು?" ಎಂದಳು. ಏನೂ ಇಲ್ಲ, ಅವರ ನಾಲಿಗೆ ಸೂಕ್ಷ್ಮ ಅಂದೆ. ಕಿಟಕಿಯಿಂದ ನಿಮ್ಮನ್ನು ನೋಡಿ ಬಂದಮೇಲೂ ನಿಮ್ಮ ಪರ ವಾದಿಸಿದೆ.

ಯಾಕೆಂದರೆ ಆಗಲೂ ನನ್ನಲ್ಲೊಂದು ಸಮಾಧಾನವಿತ್ತು. ವಾರಕ್ಕೊಂದು ದಿನ ಚಪಲ ತಡೆಯಲಾರದೆ ನಿಯಮ ಮುರಿದಿರಬಹುದು, ನಿಯಮವಂತೂ ನಿಜ ಎಂದುಕೊಂಡಿದ್ದೆ. ಮೊನ್ನೆ ಶುಕ್ರವಾರ ಅದೂ ಹೋಯಿತು.

ಲಿಂಗಪ್ಪನವರು ಊಟಕ್ಕೆ ಬಂದಿದ್ದರು. ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ನಿಮಗೆ ಮೊದಲು ಚಮಚ ಹಿಡಿಯಲು ಕಲಿಸಿದವರು. ಎಪ್ಪತ್ತು ದಾಟಿದೆ, ಈಗಲೂ ದೊಡ್ಡ ತೋಟದವರು ಅವರನ್ನು ಕರೆಸಿ ರುಚಿ ನೋಡಿಸುತ್ತಾರೆ. ತಟ್ಟೆ ತುಂಬ ಒಣಮೀನು ಹಾಕಿಸಿಕೊಂಡರು. ತಡೆಯಲಾರದೆ, ಇಷ್ಟು ಖಾರ ತಿಂದರೆ ನಿಮ್ಮ ನಾಲಿಗೆ ಕೆಡುವುದಿಲ್ಲವೇ ಎಂದು ಕೇಳಿದೆ. "ಟೇಸ್ಟಿಂಗಿಗೆ ಮುಂಚೆ ಎರಡು ಗಂಟೆ ಏನೂ ಮುಟ್ಟಲ್ಲಮ್ಮ. ಮಿಕ್ಕಿದ ಹೊತ್ತು ನಾಲಿಗೇನ ಬ್ಯಾಂಕಿನ ಲಾಕರಲ್ಲಿ ಇಡಕ್ಕಾಗುತ್ತಾ ಮಾರಾಯ್ತಿ!" ಎಂದು ನಕ್ಕರು. ಆಮೇಲೆ ಅವರೇ ಮುಂದುವರಿಸಿದರು: "ನಮ್ಮ ಚಂದ್ರುಗೆ ಗೊತ್ತಿಲ್ಲದ್ದಾ ಇದು? ಇದೇ ಬೆಂಚಿನ ಮೇಲೆ ಕೂತು, ಒಣಮೀನು ಖಾಲಿ ಅಂದ್ರೆ ನಿಮ್ಮಕ್ಕನ ಹತ್ರ ಜಗಳ ಆಡ್ತಿದ್ದ."

ಹುಳಿಯ ಪಾತ್ರೆಯನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋದೆ. ಹನ್ನೊಂದು ವರ್ಷದ ಹಿಂದಿನ ಒಂದು ಬೆಳಿಗ್ಗೆ ನೆನಪಿಗೆ ಬಂತು. ನಾವು ಆ ಫ್ಲ್ಯಾಟಿಗೆ ಬಂದು ಇಪ್ಪತ್ತು ದಿನವೂ ಆಗಿರಲಿಲ್ಲ. ಹಿಂದಿನ ರಾತ್ರಿ ಸೀಗಡಿ ಹುರಿದಿದ್ದೆ. ನಾವಿಬ್ಬರೂ ಇಳಿಯುವಾಗ ಲಿಫ್ಟಿನಲ್ಲಿ ಪಕ್ಕದ ಮನೆಯ ಹೆಂಗಸು ನಿಮ್ಮ ಕೋಟಿನ ಕಡೆ ನೋಡಿ, ಮುಖ ತಿರುಗಿಸಿ, ಮೂಗಿಗೆ ಸ್ಕಾರ್ಫು ಹಿಡಿದುಕೊಂಡಳು. ಆ ಸಂಜೆಯೇ ನಿಮ್ಮ ನಾಲಿಗೆಯ ಮಾತು ಮೊದಲ ಸಲ ಬಂದದ್ದು.

ನಾಚಿಕೆಯಾಯಿತು ಎಂದು ಹೇಳಬಹುದಿತ್ತಲ್ಲ! ನಾನೇನು ನಗುತ್ತಿದ್ದೆನೇ? ಚಿಕ್ಕಮಗಳೂರಿನ ಕಾನ್ವೆಂಟ್ ಹಾಸ್ಟೆಲಿಗೆ ಅಮ್ಮ ಕಳಿಸಿದ ಸೀಗಡಿ ಚಟ್ನಿಯ ಬಾಟಲಿಯನ್ನು, ಬೇರೆ ಹುಡುಗಿಯರಿಗೆ ವಾಸನೆ ಬರುವ ಮುಂಚೆ ಕಸದ ಡಬ್ಬಿಗೆ ಹಾಕಿ, ಚೆನ್ನಾಗಿತ್ತು ಅಂತ ಅಮ್ಮನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದವಳು ನಾನು. ಅಮ್ಮ ಅದನ್ನು ಅಪ್ಪನ ಕೈಲಿ ಓದಿಸಿಕೊಂಡಳಂತೆ. ಬಹುಶಃ ಅದಕ್ಕೇ ನಿಮ್ಮ ಸುಳ್ಳನ್ನು ಅಷ್ಟು ಬೇಗ ನಂಬಿದೆ. ವಾಸನೆಗೆ ಹೆದರುವುದಕ್ಕೆ ನನಗೂ ಒಂದು ಮರ್ಯಾದಸ್ಥ ಕಾರಣ ಸಿಕ್ಕಿತು. ಇದರಲ್ಲಿ ನನ್ನ ಪಾಲಿಲ್ಲ ಎನ್ನುವುದಿಲ್ಲ. ಆದರೆ ನಾಚಿಕೆ ಇಬ್ಬರದೂ ಆಗಿದ್ದಾಗ ವ್ರತ ನನ್ನೊಬ್ಬಳ ಪಾಲಿಗೆ ಹೇಗೆ ಬಂತು? ನೀವು ಗುರುವಾರಗಳನ್ನು ಇಟ್ಟುಕೊಂಡಿರಿ. ಏಳು ದಿನವೂ ಸಪ್ಪೆ ತಿಂದು, ಅದನ್ನು ಸಂಸಾರ ಎಂದುಕೊಂಡವಳು ನಾನು.

ನಿನ್ನೆ ಫೋನಿನಲ್ಲಿ, ಹದಿನೆಂಟಕ್ಕೆ ಏರ್‌ಪೋರ್ಟಿಗೆ ಬರಲೇ ಎಂದು ಕೇಳಿದಿರಿ. ಬರಬೇಡಿ. ಆ ವಿಮಾನಕ್ಕೆ ನಾನು ಹತ್ತುವುದಿಲ್ಲ. ಬರುತ್ತಿಲ್ಲ ಎಂದಷ್ಟೇ ಶನಿವಾರ ಮೆಸೇಜು ಮಾಡುತ್ತೇನೆ. ಅದರಲ್ಲಿ ಕಾರಣ ಇರುವುದಿಲ್ಲ, ಕಾರಣ ಈ ಪತ್ರ. ಅಕ್ಕನಿಗೆ ಇನ್ನೂ ಎರಡು ತಿಂಗಳು ನಿಲ್ಲಲಾಗುವುದಿಲ್ಲ ಎಂಬುದೂ ನಿಜವೇ, ಆದರೆ ಅದರ ಹಿಂದೆ ಅಡಗಿಕೊಳ್ಳಲು ನನಗೆ ಮನಸ್ಸಿಲ್ಲ. ಕ್ಷಮೆ ಕೇಳಿ ಎಂದು ಹೇಳುತ್ತಿಲ್ಲ. ನಾಲಿಗೆಯ ಹೆಸರೆತ್ತದೆ, ಅವತ್ತು ಲಿಫ್ಟಿನಲ್ಲಿ ನಿಮಗೆ ಏನನ್ನಿಸಿತು ಎಂದು ಕೈಯಾರೆ ಬರೆದು ಕಳಿಸಿ. ಫೋನು ಬೇಡ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನಾನು ಮತ್ತೆ ತಪ್ಪಾಯಿತು ಅಂದುಬಿಡುತ್ತೇನೆ.

ಮುಂದೆ ಬಂದರೆ ಒಣಮೀನು ಕಟ್ಟಿಕೊಂಡೇ ಬರುತ್ತೇನೆ. ಆ ಮನೆಯಲ್ಲೇ, ಹಗಲು ಹೊತ್ತಿನಲ್ಲೇ ಹುರಿಯುತ್ತೇನೆ. ನಿಮ್ಮ ಕೋಟು ಎಲ್ಲಿರಬೇಕೆಂದು ನೀವೇ ನೋಡಿಕೊಳ್ಳಿ.

ಸಿಟ್ಟು ಇಳಿಯದ, ಇನ್ನೂ ನಿಮ್ಮ ಹೆಂಡತಿಯೇ ಆಗಿರುವ
ಶಾಲಿನಿ

ತಾ.ಕ.: ಏಳು ದಿನವೂ ಸಪ್ಪೆ ತಿಂದೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಹೊಡೆದುಹಾಕಲು ಮನಸ್ಸಾಗದೆ ಇಲ್ಲಿ ಹೇಳುತ್ತಿದ್ದೇನೆ. ನಿಮ್ಮನ್ನು ನೋಡಿದ ಮರುವಾರದಿಂದ ಇಲ್ಲಿಗೆ ಹೊರಡುವವರೆಗೆ ಐದು ಮಂಗಳವಾರ ನಾನೂ ಅಲ್ಲಿಗೆ ಹೋದೆ. ನಿಮ್ಮದೇ ಕುರ್ಚಿಯಲ್ಲಿ ಕೂತು, ನಿಮ್ಮದೇ ಸಾರು ಕೇಳಿ ಹಾಕಿಸಿಕೊಂಡು, ಕೈಯಲ್ಲೇ ಉಂಡೆ. ಬಹಳ ಚೆನ್ನಾಗಿತ್ತು. ಆಮೇಲೆ ಏಲಕ್ಕಿ ಅಗಿದು, ಮೆಟ್ಟಿಲ ಹತ್ತಿರ ಕೋಟು ಕೊಡವಿ, ನೀವು ಬರುವುದರೊಳಗೆ ಕ್ಯಾರೆಟ್ಟು ಬೇಯಿಸಿಟ್ಟೆ. ಐದು ಸಲವೂ ನಿಮ್ಮನ್ನು ಕರೆಯಬೇಕೆಂದು ಫೋನು ತೆಗೆದಿದ್ದೆ. ಒಂದು ಸಲವೂ ಮಾಡಲಿಲ್ಲ. ಈ ಪತ್ರವನ್ನು ಇನ್ನೂ ಒಂದು ವಾರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಆವೇಶದಲ್ಲಿ ಬರೆದದ್ದು ಎಂದು ನೀವು ಪಕ್ಕಕ್ಕಿಡಬಾರದು. ಆ ವಿಮಾನದಲ್ಲಿ ನನ್ನ ಸೀಟು ಖಾಲಿ ಹೋದ ಮರುದಿನ ನಾನೇ ಹೋಗಿ ಪೋಸ್ಟ್ ಮಾಡುತ್ತೇನೆ: ಸೋಮವಾರ, ೧೯ ಜನವರಿ.