ಭುಜದ ಅಳತೆ

ಪುಟ್ಟಿ,

ನಿಮ್ಮಮ್ಮ ಇಲ್ಲಿ ಚೆನ್ನಾಗಿದ್ದಾಳೆ. ನಾನು ಮಾತ್ರ ಕೊರಿಯಾದಲ್ಲಿದ್ದೀನಿ. ನೀನು ನನ್ನ ಮಾತು ಮೀರಿ ಮದುವೆಯಾಗಿ ಹೋದಮೇಲೆ, ಆ ಕೊರಿಯಾ ಸೀರಿಯಲ್ಲಲ್ಲಿ ನೀನು ಅಂಥದ್ದೇನು ನೋಡ್ತಿದ್ದೆ ಅಂತ ನಾನೂ ಫೋನಲ್ಲಿ ಹಾಕ್ಕೊಂಡು ಕೂತೆ. ಈಗ ಹೊಲಿಗೆ ಮಿಷನ್ ಪಕ್ಕ ಫೋನ್ ಇಟ್ಕೊಂಡೇ ಕೆಲಸ. ಮೊನ್ನೆ ಬ್ಯಾಂಕ್ ಮ್ಯಾನೇಜರ್ ಕೋಟಿಗೆ ಎರಡೂ ಕಡೆ ಎಡಗೈ ತೋಳೇ ಹೊಲಿದುಬಿಟ್ಟೆ. "ನನ್ನ ಬಲಗೈ ನಿನಗೇನು ಮಾಡಿತ್ತಪ್ಪಾ?" ಅಂದರು.

ಆ ಸೀರಿಯಲ್ಲಲ್ಲೂ ಒಬ್ಬ ಅಪ್ಪ ಇದ್ದಾನೆ. ಮಗಳು ಮೆಚ್ಚಿದ ಹುಡುಗನನ್ನ ಹೊಸ್ತಿಲು ದಾಟೋಕೆ ಬಿಡಲ್ಲ. ನಿಮ್ಮಮ್ಮ ನನ್ನ ಮುಖ ನೋಡಿ, "ಈ ಮನುಷ್ಯನ್ನ ಎಲ್ಲೋ ನೋಡಿದ್ದೀನಲ್ರೀ" ಅಂದಳು. ಅವನು ಕೊನೇ ಕಂತಿನವರೆಗೂ ಬಾಗಿಲು ತೆಗೆಯೋ ಹಾಗೆ ಕಾಣಲ್ಲ. ನನಗೆ ಅಷ್ಟು ತಾಳ್ಮೆ ಇಲ್ಲಮ್ಮ. ಕೂತರೆ ಏಳೋಣ ಅನ್ಸುತ್ತೆ, ಎದ್ದರೆ ಬೀದಿ ಕಡೆ ನೋಡೋಣ ಅನ್ಸುತ್ತೆ. ಬೆಳಗ್ಗೆಯಿಂದ ಸೂಜಿಗೆ ದಾರ ಪೋಣಿಸೋಕೂ ಆಗಿಲ್ಲ.

ಆ ಕಡೆಯ ಹೀರೋಗಳು ಮೊಣಕಾಲು ಮುಟ್ಟೋ ಕೋಟು ಹಾಕ್ತಾರಲ್ಲ, ಅಂಥದ್ದಕ್ಕೆ ಬಟ್ಟೆ ತಂದಿಟ್ಟಿದ್ದೀನಿ, ನಿನ್ನ ಗಂಡನಿಗೆ. ನಮ್ಮ ಸೆಕೆಗೆ ಹುಡುಗ ಬೆಂದು ಹೋಗ್ತಾನೆ, ಆದರೂ ಒಂದು ಇರಲಿ. ಕತ್ತರಿ ಹಾಕೋಕೆ ಭುಜದ ಅಳತೆ ಬೇಕು. ಬರೆದು ಕಳಿಸಬೇಡ, ಫೋನಲ್ಲೂ ಹೇಳಬೇಡ. ಹಾಗೆ ಹೊಲಿದ ಬಟ್ಟೆ ಮೈಮೇಲೆ ಕೂರಲ್ಲ. ಆಳೇ ಬಂದು ನನ್ನ ಮುಂದೆ ನಿಲ್ಲಬೇಕು. ನೀನೂ ಜೊತೆಗಿದ್ದರೆ, ನಾನು ಹೇಳಿದ ಅಳತೆ ಬರ್ಕೊಳ್ಳೋಕೆ ಒಬ್ಬರು ಸಿಕ್ಕ ಹಾಗಾಗುತ್ತೆ.

ಭಾನುವಾರ ಅಂಗಡಿ ಇಲ್ಲ. ಆದರೂ ಟೇಪು ಕುತ್ತಿಗೆಯಲ್ಲೇ ಇರುತ್ತೆ.

ಇಂತಿ,
ನಿಮ್ಮಪ್ಪ